ಡೇಟಾ ಅಕ್ವಿಸಿಷನ್ ಕಾರ್ಡಿನ ಡ್ರೈವರ್‌ನಲ್ಲಿ ಟೈಮಿಂಗ್ ಬಗ್: ಅಳೆಯುವುದು, ಹಿಡಿಯುವುದು, ಸರಿಮಾಡುವುದು

ಪೀಣ್ಯದ ಒಂದು ವರ್ಕ್‌ಶಾಪಿನವರು ಮೋಟರುಗಳ ಕಂಪನ ಅಳೆಯುತ್ತಾರೆ. ಸೆನ್ಸರಿನ ವೋಲ್ಟೇಜನ್ನು ಸಂಖ್ಯೆಗಳಾಗಿ (ಒಂದೊಂದೂ ಒಂದು ಸ್ಯಾಂಪಲ್) ಓದಿಕೊಡುವ ಹಳೇ ಪಿಸಿಐ ಕಾರ್ಡು, ಲಿನಕ್ಸ್ ಹಾಕಿದ ಕಂಪ್ಯೂಟರು, ಕಾರ್ಡನ್ನು ನಡೆಸಲು ಎಂದೋ ಯಾರೋ ಬರೆದುಕೊಟ್ಟ ಡ್ರೈವರ್ ಪ್ರೋಗ್ರಾಂ. ನನ್ನ ಹತ್ತಿರ ಬಂದಾಗ ಅವರ ದೂರು ಎರಡಿತ್ತು. ಸೆಕೆಂಡಿಗೆ 7000 ಸ್ಯಾಂಪಲ್ ಅಂತ ಹೇಳಿ ಒಂದು ಗಂಟೆ ರೆಕಾರ್ಡ್ ಮಾಡಿದರೆ ಫೈಲು ಗಡಿಯಾರಕ್ಕಿಂತ ಸುಮಾರು ಒಂದೂವರೆ ಸೆಕೆಂಡ್ ಉದ್ದ ಬರುತ್ತದೆ. ಇದು ದಿನಾ ಆಗುತ್ತದೆ. ಇನ್ನೊಂದು ಯಾವಾಗಲೋ ಒಮ್ಮೆ ಆಗುವುದು: ಅದೇ ಒಂದು ಗಂಟೆಯ ಫೈಲು ಏಳನೇ ಒಂದು ಪಾಲಿನಷ್ಟು ಮಾತ್ರ ಇರುತ್ತದೆ, ಎರರ್ ಏನೂ ಬರುವುದಿಲ್ಲ.

ಎರಡನೆಯದು ನಿಜಕ್ಕೂ ಅಪಾಯದ್ದು. ಸ್ಯಾಂಪಲ್ ತೆಗೆದದ್ದು 1000 ಹರ್ಟ್ಜ್‌ನಲ್ಲಿ, ಫೈಲಿನ ಮೇಲೆ ಬರೆದದ್ದು 7000 ಅಂತಾದರೆ, 100 ಹರ್ಟ್ಜ್‌ನ ಕಂಪನ ಗ್ರಾಫಿನಲ್ಲಿ 700 ಹರ್ಟ್ಜ್ ಹತ್ತಿರ ಕಾಣುತ್ತದೆ. ಅದನ್ನು ನೋಡಿ ಬೇರಿಂಗ್ ಸರಿಯಿದೆ, ಇಲ್ಲ ಅಂತ ಯಾರೋ ತೀರ್ಮಾನ ಮಾಡುತ್ತಾರೆ. ಆ ಮೋಟರು ಎಲ್ಲೋ ಒಂದು ಪಂಪಿಗೆ ಹೋಗಿ ಕೂರುತ್ತದೆ. ಹಾಗಾಗಿ ಇಂಥ ಬಗ್ಗನ್ನು ಸುಮ್ನೆ ರೀಬೂಟ್ ಮಾಡಿ ಬಿಟ್ಟುಬಿಡಬಾರದು.

ನಾನು ಮಾಡಿದ ಕೆಲಸವನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ಡ್ರೈವರ್ ಇದ್ದದ್ದು ಕಾಮೆಡಿ ಅನ್ನುವ ವ್ಯವಸ್ಥೆಯ ಮೇಲೆ. ಲಿನಕ್ಸ್‌ನಲ್ಲಿ ಅಳತೆಯ ಕಾರ್ಡುಗಳಿಗೆ ಇರುವ ಸಾಮಾನ್ಯ ಚೌಕಟ್ಟು ಅದು. ಬಹಳ ವರ್ಷ ಕರ್ನಲ್‌ನ (ಲಿನಕ್ಸ್‌ನ ತಿರುಳು) ಸ್ಟೇಜಿಂಗ್ ಫೋಲ್ಡರಿನಲ್ಲಿ, ಅಂದರೆ ಇನ್ನೂ ಪೂರ್ತಿ ಸಿದ್ಧವಾಗದ ಕೋಡ್ ಇಡುವ ಕಡೆ ಇತ್ತು, 2021ರ 5.13 ಕರ್ನಲ್‌ನಿಂದ ಡ್ರೈವರ್ಸ್ ಫೋಲ್ಡರಿನೊಳಗೇ ಕಾಮೆಡಿ ಅಂತ ಸ್ವಂತ ಜಾಗ ಸಿಕ್ಕಿದೆ. ಹಳೇ ಕರ್ನಲ್ ಮೇಲೆ ಕೆಲಸ ಮಾಡುತ್ತಿದ್ದರೆ ಫೈಲುಗಳನ್ನು ಸ್ಟೇಜಿಂಗ್ ಒಳಗೆ ಹುಡುಕಿ. ನಿಮ್ಮ ಕಾರ್ಡು ಬೇರೆ, ಚೌಕಟ್ಟು ಬೇರೆ ಆಗಿದ್ದರೂ ಇಲ್ಲಿನ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಕೋಡ್ ತೆರೆಯುವ ಮುಂಚೆ ತಪ್ಪಿನ ಜಾತಿ ಗೊತ್ತಾಗಬೇಕು

ಟೈಮಿಂಗ್ ತಪ್ಪು ಅಂದರೆ ಎಲ್ಲವೂ ಒಂದೇ ಅಲ್ಲ. ಕಾಲ ಒಂದೇ ಸಮನೆ ಜಾರುತ್ತಿದ್ದರೆ ಅದು ದರದ ತಪ್ಪು: ಕೇಳಿದ ವೇಗ ಒಂದು, ಕಾರ್ಡು ಓಡುತ್ತಿರುವ ವೇಗ ಇನ್ನೊಂದು. ಚೆನ್ನಾಗಿ ಹೋಗುತ್ತಾ ಹೋಗುತ್ತಾ ಒಂದು ಕಡೆ ತಟ್ಟನೆ ಹಾರಿದರೆ ಸ್ಯಾಂಪಲ್ ಕಳೆದುಹೋಗಿದೆ ಅಂತ ಅರ್ಥ. ಸರಾಸರಿ ಸರಿಯಿದ್ದು ಒಂದೊಂದು ಸ್ಯಾಂಪಲ್ ಹಿಂದೆ ಮುಂದೆ ಆಗುತ್ತಿದ್ದರೆ ಅದು ಜಿಟರ್, ಸಾಮಾನ್ಯವಾಗಿ ಕಾರ್ಡಿನ ಸ್ವಂತ ಗಡಿಯಾರ ಬಿಟ್ಟು ಸಾಫ್ಟ್‌ವೇರ್ ಟೈಮರಿನಿಂದ ಸ್ಯಾಂಪಲ್ ತೆಗೆಯುವಾಗ ಬರುವಂಥದ್ದು. ಈ ಮೂರಕ್ಕೂ ಕಾರಣ ಇರುವ ಜಾಗ ಬೇರೆ ಬೇರೆ. ಯಾವುದು ಅಂತ ಗೊತ್ತಿಲ್ಲದೆ ಡ್ರೈವರಿಗೆ ಕೈ ಹಾಕಿದರೆ ಎರಡು ದಿನ ಹಾಳು.

ನಾಲ್ಕನೆಯದೂ ಒಂದಿದೆ, ಆದರೆ ಅದು ತಪ್ಪೇ ಅಲ್ಲ. ಬಹಳಷ್ಟು ಕಾರ್ಡುಗಳಲ್ಲಿ ಒಂದೇ ಎಡಿಸಿ (ವೋಲ್ಟೇಜನ್ನು ಸಂಖ್ಯೆ ಮಾಡುವ ಚಿಪ್) ಇರುತ್ತದೆ, ಅದರ ಮುಂದೆ ಮಲ್ಟಿಪ್ಲೆಕ್ಸರ್ ಒಂದೊಂದೇ ಚಾನೆಲ್ಲನ್ನು ಸರದಿಯಂತೆ ಕೊಡುತ್ತದೆ. ಒಂದು ಚಾನೆಲ್ಲಿಂದ ಇನ್ನೊಂದಕ್ಕೆ 10 ಮೈಕ್ರೋಸೆಕೆಂಡ್ ಅಂತಾದರೆ ಎಂಟನೇ ಚಾನೆಲ್ ಮೊದಲನೆಯದಕ್ಕಿಂತ 70 ಮೈಕ್ರೋಸೆಕೆಂಡ್ ತಡವಾಗಿ ಓದಲ್ಪಡುತ್ತದೆ. ಇದನ್ನು ಡ್ರೈವರ್ ಬಗ್ ಅಂತ ತಿಳಿದವರನ್ನು ನೋಡಿದ್ದೇನೆ. ಕಾರ್ಡಿನ ರಚನೆಯೇ ಹಾಗೆ. ಲೆಕ್ಕದಲ್ಲಿ ಕಳೆದುಕೊಳ್ಳಬೇಕು ಅಷ್ಟೇ.

ನಂಬುವಂಥ ಗಡಿಯಾರ ಒಂದು ಬೇಕು

ಜಾತಿ ತಿಳಿಯಬೇಕಾದರೆ ಕಾರ್ಡಿಗಿಂತ ಒಳ್ಳೆಯ ಗಡಿಯಾರವೊಂದನ್ನು ಅದರ ಮುಂದೆ ಇಡಬೇಕು. ಎಲ್ಲರ ಕೈಗೂ ಮೊದಲು ಸಿಗುವುದು ಕರೆಂಟಿನ 50 ಹರ್ಟ್ಜ್. ದಯವಿಟ್ಟು ಅದನ್ನು ನಂಬಬೇಡಿ. ನಮ್ಮ ಗ್ರಿಡ್‌ನ ನಿಯಮದಲ್ಲೇ 49.90ರಿಂದ 50.05 ಹರ್ಟ್ಜ್‌ವರೆಗೆ ಓಡಾಡಲು ಅವಕಾಶ ಇದೆ. ನಾವು ಹುಡುಕುತ್ತಿರುವ ತಪ್ಪು ಶೇಕಡ 0.04ರಷ್ಟು, ಅಂದರೆ 50 ಹರ್ಟ್ಜ್‌ನಲ್ಲಿ 0.02. ಗ್ರಿಡ್‌ನ ಓಡಾಟದ ಒಳಗೇ ಅದು ಮುಚ್ಚಿಹೋಗುತ್ತದೆ.

ನಾನು ಬಳಸುವುದು ಸಣ್ಣ ಜಿಪಿಎಸ್ ಮಾಡ್ಯೂಲ್. ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ, ದುಬಾರಿಯೇನಲ್ಲ. ಕೊಳ್ಳುವಾಗ ಪಿಪಿಎಸ್ ಪಿನ್ ಹೊರಗೆ ಬಂದಿದೆಯಾ ಅಂತ ನೋಡಿಕೊಳ್ಳಿ, ಕೆಲವು ಬೋರ್ಡುಗಳಲ್ಲಿ ಅದಕ್ಕೆ ಎಲ್‌ಇಡಿ ಮಾತ್ರ ಇರುತ್ತದೆ. ಉಪಗ್ರಹ ಸಿಕ್ಕ ಮೇಲೆ ಆ ಪಿನ್ನು ಪ್ರತಿ ಸೆಕೆಂಡಿಗೆ ಸರಿಯಾಗಿ ಒಂದು ಪಲ್ಸ್ ಕೊಡುತ್ತದೆ, ಸಾಮಾನ್ಯವಾಗಿ 3.3 ವೋಲ್ಟ್, 100 ಮಿಲಿಸೆಕೆಂಡ್ ಅಗಲ. ಅದನ್ನು ನೇರವಾಗಿ ಕಾರ್ಡಿನ ಒಂದು ಅನಲಾಗ್ ಚಾನೆಲ್ಲಿಗೆ ಕೊಡಿ. ಎರಡರ ಗ್ರೌಂಡ್ ಸೇರಿಸುವುದನ್ನು ಮರೆಯಬೇಡಿ. ಆಂಟೆನಾ ಕಿಟಕಿಯ ಹತ್ತಿರ ಇರಲಿ, ತಗಡಿನ ಶೀಟಿನ ಕೆಳಗೆ ಇಟ್ಟರೆ ಪಲ್ಸ್ ಬರುವುದೇ ಇಲ್ಲ.

ಇನ್ನೊಂದು ಚಾನೆಲ್ಲಿಗೆ ಒಂದು ಸಾಮಾನ್ಯ ಪೆನ್ಸಿಲ್ ಸೆಲ್ ಕಟ್ಟಿ, 1.5 ವೋಲ್ಟ್. ಉಳಿದವನ್ನು ಗ್ರೌಂಡ್ ಮಾಡಿ. ಈ ಸೆಲ್ಲು ಗುರುತಿನ ಕಲ್ಲು ಇದ್ದಹಾಗೆ. ಕಾರ್ಡಿನ ಫೈಫೊ (ಓದುವವರೆಗೆ ಸ್ಯಾಂಪಲ್ಲುಗಳು ಸಾಲಾಗಿ ಕಾಯುವ ಸಣ್ಣ ಮೆಮೊರಿ) ತುಂಬಿ ಒಂದೆರಡು ಸ್ಯಾಂಪಲ್ ಬಿದ್ದುಹೋದರೆ ಅಲ್ಲಿಂದ ಮುಂದೆ ಎಲ್ಲ ಚಾನೆಲ್ಲುಗಳೂ ಒಂದೊಂದು ಮನೆ ಪಕ್ಕಕ್ಕೆ ಸರಿಯುತ್ತವೆ, 1.5 ವೋಲ್ಟ್ ಇದ್ದಕ್ಕಿದ್ದಂತೆ ಬೇರೆ ಚಾನೆಲ್ಲಿನಲ್ಲಿ ಕಾಣುತ್ತದೆ. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಇನ್ನೂ ಸಿಕ್ಕಿಲ್ಲ.

ಈಗ 1000 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ರೆಕಾರ್ಡ್ ಮಾಡಿ, ಮೊದಲ ಪಲ್ಸಿನ ಏರುವ ಅಂಚಿನಿಂದ 1000 ಸೆಕೆಂಡ್ ನಂತರದ ಪಲ್ಸಿನ ಏರುವ ಅಂಚಿನವರೆಗೆ ಎಷ್ಟು ಸ್ಯಾಂಪಲ್ ಇವೆ ಅಂತ ಎಣಿಸಿ. 7000 ಹರ್ಟ್ಜ್ ಆದರೆ 70,00,000 ಇರಬೇಕು. ವರ್ಕ್‌ಶಾಪಿನ ಕಾರ್ಡಿನಲ್ಲಿ ಬಂದದ್ದು ಸುಮಾರು 70,02,860. ಸೆಲ್ಲಿನ ಚಾನೆಲ್ ಕದಲಿರಲಿಲ್ಲ. ಪ್ರತಿ ಎರಡು ಪಲ್ಸಿನ ನಡುವೆ 7002 ಅಥವಾ 7003, ಎಲ್ಲೂ ಹಾರಿಕೆ ಇಲ್ಲ. ಅಂದರೆ ಸ್ಯಾಂಪಲ್ ಕಳೆದಿಲ್ಲ, ಜಿಟರ್ ಇಲ್ಲ, ಶುದ್ಧ ದರದ ತಪ್ಪು.

ಕಾರ್ಡಿಗೆ ಗಡಿಯಾರವಾಗಿರುವ ಕ್ರಿಸ್ಟಲ್ ಮೇಲೆ ಗೂಬೆ ಕೂರಿಸುವ ಮುಂಚೆ ಒಂದು ಲೆಕ್ಕ. ಇಂಥ ಕಾರ್ಡುಗಳ ಕ್ರಿಸ್ಟಲ್ ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ 50 ಅಥವಾ 100ರಷ್ಟು ತಪ್ಪಬಹುದು. 70 ಲಕ್ಷ ಸ್ಯಾಂಪಲ್ಲಿಗೆ ಅದು 350ರಿಂದ 700. ನಮಗೆ ಬಂದ ವ್ಯತ್ಯಾಸ 2860. ಹಾಗಾಗಿ ಕ್ರಿಸ್ಟಲ್ ಒಂದೇ ಕಾರಣ ಆಗಲಾರದು, ಎಲ್ಲೋ ಲೆಕ್ಕದ ತಪ್ಪಿದೆ.

ಮೊದಲ ಬಗ್: 7000 ಅನ್ನುವ ವೇಗ ಆ ಕಾರ್ಡಿನಲ್ಲಿ ಇಲ್ಲವೇ ಇಲ್ಲ

ಹಳೇ ಕಾರ್ಡುಗಳಲ್ಲಿ ಸ್ಯಾಂಪಲ್ ತೆಗೆಯುವ ತಾಳ ಕೊಡುವುದು 8254 ಅನ್ನುವ ಟೈಮರ್ ಚಿಪ್, ಇಲ್ಲವೇ ಅದನ್ನೇ ಅನುಕರಿಸುವ ಸರ್ಕ್ಯೂಟ್. ಅದರಲ್ಲಿ 16 ಬಿಟ್‌ನ ಮೂರು ಕೌಂಟರ್ ಇರುತ್ತವೆ. ಕೊಟ್ಟ ಸಂಖ್ಯೆಯಷ್ಟು ಟಿಕ್ ಎಣಿಸಿ ಒಂದು ಪಲ್ಸ್ ಕೊಡುವುದು ಅವುಗಳ ಕೆಲಸ, ಆ ಸಂಖ್ಯೆಯೇ ಭಾಜಕ. ಇಂಥ ಬಹಳಷ್ಟು ಕಾರ್ಡುಗಳಲ್ಲಿ ಎರಡನ್ನು ಸಾಲಾಗಿ ಜೋಡಿಸಿರುತ್ತಾರೆ, ಮೊದಲನೆಯದರ ಔಟ್‌ಪುಟ್ ಎರಡನೆಯದಕ್ಕೆ ಇನ್‌ಪುಟ್. ಈ ಕಾರ್ಡಿನ ಕ್ರಿಸ್ಟಲ್ 10 ಮೆಗಾಹರ್ಟ್ಜ್, ಅಂದರೆ ಒಂದು ಟಿಕ್‌ಗೆ 100 ನ್ಯಾನೋಸೆಕೆಂಡ್.

7000 ಹರ್ಟ್ಜ್‌ಗೆ ಒಂದು ಸುತ್ತು 1,42,857 ನ್ಯಾನೋಸೆಕೆಂಡ್, ಟಿಕ್ ಲೆಕ್ಕದಲ್ಲಿ 1428.57. ಅರ್ಧ ಟಿಕ್ ಇಲ್ಲವಲ್ಲ, 1429 ಇಡೋಣ ಅಂದರೆ ಅದು ಅವಿಭಾಜ್ಯ ಸಂಖ್ಯೆ. ಸಾಲು ಜೋಡಿಸಿದ ಎರಡು ಕೌಂಟರುಗಳಲ್ಲಿ ಒಟ್ಟು ಭಾಜಕ ಎರಡರ ಗುಣಲಬ್ಧ ಆಗಿರಬೇಕು, ಇಲ್ಲಿ ಬಳಸುವ ಮೋಡ್ 2ರಲ್ಲಿ ಒಂದೊಂದೂ ಕನಿಷ್ಠ 2 ಇರಲೇಬೇಕು. 1429 ಒಡೆಯುವುದಿಲ್ಲ. ಹತ್ತಿರದ್ದು 1428, ಅದು 28 ಗುಣಿಸು 51. ಹಾಗಾಗಿ ಸುತ್ತು 1,42,800 ನ್ಯಾನೋಸೆಕೆಂಡ್ ಆಗುತ್ತದೆ, ವೇಗ 7002.8 ಹರ್ಟ್ಜ್. 1000 ಸೆಕೆಂಡಿಗೆ 70,02,801. ಅಳೆದದ್ದರಲ್ಲಿ ಉಳಿದ 59 ಮಾತ್ರ ಕ್ರಿಸ್ಟಲ್‌ನ ಪಾಲು. ಗಂಟೆಗೆ 10,084 ಸ್ಯಾಂಪಲ್ ಜಾಸ್ತಿ, 7000ರ ಲೆಕ್ಕದಲ್ಲಿ 1.44 ಸೆಕೆಂಡ್. ಅವರು ಹೇಳಿದ ಒಂದೂವರೆ ಸೆಕೆಂಡ್ ಇದೇ.

ಹಾಗಾದರೆ ಡ್ರೈವರ್ ತಪ್ಪು ಮಾಡಿತಾ? ಇಲ್ಲ. ಕಾಮೆಡಿಯಲ್ಲಿ ರೆಕಾರ್ಡಿಂಗ್ ಶುರು ಮಾಡುವ ಮುಂಚೆ ಕಮಾಂಡನ್ನು (ಯಾವ ಚಾನೆಲ್, ಯಾವ ವೇಗ ಅನ್ನುವ ಬೇಡಿಕೆ) ಒಮ್ಮೆ ಟೆಸ್ಟ್ ಮಾಡಿಸಬೇಕು. ಟೆಸ್ಟ್ ಐದು ಹಂತದಲ್ಲಿ ನೋಡುತ್ತದೆ. 0 ವಾಪಸ್ ಬಂದರೆ ಎಲ್ಲ ಸರಿ. 1 ಮತ್ತು 2 ಅಂದರೆ ಟ್ರಿಗರ್ (ಶುರು ಮಾಡು, ನಿಲ್ಲಿಸು ಅನ್ನುವಂಥ ಸಂಜ್ಞೆ) ಮೂಲಗಳಲ್ಲಿ ತೊಂದರೆ, 3 ಅಂದರೆ ಮಿತಿ ಮೀರಿದ ಸಂಖ್ಯೆ, 5 ಅಂದರೆ ಚಾನೆಲ್ ಪಟ್ಟಿ ಸರಿಯಿಲ್ಲ. ನಮಗೆ ಬೇಕಾದ್ದು 4. ನೀನು ಕೇಳಿದ ಕಾಲ ನನ್ನಲ್ಲಿ ಆಗುವುದಿಲ್ಲ, ಹತ್ತಿರದ್ದು ಇದು ಅಂತ ಡ್ರೈವರ್ ನಿಮ್ಮ ಕಮಾಂಡಿನೊಳಗೇ ಹೊಸ ಸಂಖ್ಯೆ ಬರೆದು ವಾಪಸ್ ಕೊಡುತ್ತದೆ. ಎರಡನೇ ಸಲ ಟೆಸ್ಟ್ ಮಾಡಿದರೆ 0 ಬರುತ್ತದೆ.

ಈ ಡ್ರೈವರ್ 1,42,800 ಅಂತ ಸರಿಯಾಗಿಯೇ ಬರೆದು ಕೊಟ್ಟಿತ್ತು. ರೆಕಾರ್ಡ್ ಮಾಡುವ ಪ್ರೋಗ್ರಾಂ ಟೆಸ್ಟನ್ನು ಎರಡು ಸಲ ಕರೆದು, 0 ಬಂತು ಅಂತ ಮುಂದೆ ಹೋಗಿ, ಫೈಲಿನ ತಲೆಯಲ್ಲಿ ಮಾತ್ರ ತಾನು ಮೊದಲು ಕೇಳಿದ 7000 ಅನ್ನೇ ಬರೆಯುತ್ತಿತ್ತು. ಒಂದೇ ಸಾಲಿನ ತಿದ್ದುಪಡಿ: ಟೆಸ್ಟ್ ಆದಮೇಲೆ ಕಮಾಂಡಿನೊಳಗೆ ಇರುವ ನ್ಯಾನೋಸೆಕೆಂಡ್ ಓದಿ, ಅದರಿಂದ ವೇಗ ಲೆಕ್ಕ ಹಾಕಿ, ಅದನ್ನು ಬರೆಯಿರಿ. ಕಾಮೆಡಿಲಿಬ್ ಅನ್ನುವ ಲೈಬ್ರರಿ ಜೊತೆ ಬರುವ ಕಮಾಂಡ್ ಡೆಮೊ ಪ್ರೋಗ್ರಾಂ ಟೆಸ್ಟಿನ ಮುಂಚೆ ಮತ್ತು ನಂತರ ಎರಡೂ ಸಲ ಕಮಾಂಡನ್ನು ತೋರಿಸುತ್ತದೆ. ನಿಮ್ಮ ಕಾರ್ಡಿನ ಮೇಲೆ ಅದನ್ನೊಮ್ಮೆ ಓಡಿಸಿ ನೋಡಿ, ಎರಡು ನಿಮಿಷದ ಕೆಲಸ.

ವೇಗ ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ ಇನ್ನೂ ಒಳ್ಳೆಯದು, ಗಡಿಯಾರಕ್ಕೆ ಸರಿಯಾಗಿ ಕೂರುವ ವೇಗವನ್ನೇ ಆರಿಸಿ. 10 ಮೆಗಾಹರ್ಟ್ಜ್‌ಗೆ 8000 ಹರ್ಟ್ಜ್ ಅಂದರೆ 1250 ಟಿಕ್, 25 ಗುಣಿಸು 50, ಚೂರೂ ಉಳಿಯುವುದಿಲ್ಲ. 6250 ಹರ್ಟ್ಜ್‌ಗೆ 1600, ಅದೂ ಸರಿ. ವರ್ಕ್‌ಶಾಪಿನವರಿಗೆ 7000ವೇ ಬೇಕು ಅಂತೇನೂ ಇರಲಿಲ್ಲ, ಈಗ 8000ಕ್ಕೆ ಬಂದಿದ್ದಾರೆ.

ನಿಮ್ಮ ಡ್ರೈವರ್ ಟೆಸ್ಟಿನಲ್ಲಿ ಸಂಖ್ಯೆ ಬದಲಿಸದೆ ಸುಮ್ಮನೆ 0 ಕೊಡುತ್ತಿದ್ದರೆ ಅಥವಾ ಬದಲಿಸಿದ ಸಂಖ್ಯೆಗೂ ಪಿಪಿಎಸ್ ಎಣಿಕೆಗೂ ತಾಳೆ ಆಗದಿದ್ದರೆ ಆಗ ತಪ್ಪು ಡ್ರೈವರಿನದು. ಮೊದಲು ಕ್ರಿಸ್ಟಲ್‌ನ ಸಂಖ್ಯೆ ನೋಡಿ. ಕೆಲವು ಹಳೇ ಐಎಸ್ಎ (ಪಿಸಿಐಗೂ ಹಿಂದಿನ) ಕಾರ್ಡುಗಳಲ್ಲಿ 1 ಮತ್ತು 10 ಮೆಗಾಹರ್ಟ್ಜ್ ನಡುವೆ ಜಂಪರ್ ಇರುತ್ತದೆ, ಅದು ತಪ್ಪಿದ್ದರೆ ವೇಗ ಸರಿಯಾಗಿ ಹತ್ತು ಪಟ್ಟು ಹೆಚ್ಚು ಕಡಿಮೆ ಆಗುತ್ತದೆ. ಆಮೇಲೆ ಭಾಗಾಕಾರ. ನ್ಯಾನೋಸೆಕೆಂಡನ್ನು ಟಿಕ್‌ನಿಂದ ಭಾಗಿಸಿ ಉಳಿದದ್ದನ್ನು ಕತ್ತರಿಸಿ ಬಿಸಾಕಿದ್ದರೆ ವೇಗ ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಕಮಾಂಡಿನಲ್ಲಿ ಹತ್ತಿರದ್ದಕ್ಕೆ, ಮೇಲಕ್ಕೆ, ಕೆಳಕ್ಕೆ ಅಂತ ಮೂರು ಬಗೆಯ ಫ್ಲ್ಯಾಗ್ ಇವೆ, ಡ್ರೈವರ್ ಅವನ್ನು ಗೌರವಿಸಬೇಕು. ಮೂರನೆಯದು 32 ಬಿಟ್ ತುಂಬಿ ಹರಿಯುವುದು. ಕಮಾಂಡಿನ ಕಾಲಗಳು 32 ಬಿಟ್‌ನ ನ್ಯಾನೋಸೆಕೆಂಡ್, ಹೆಚ್ಚೆಂದರೆ 4.29 ಸೆಕೆಂಡ್. ಚಾನೆಲ್ ಸಂಖ್ಯೆಯಿಂದ ಗುಣಿಸುವ ಕಡೆ, ಹತ್ತಿರದ ಸಂಖ್ಯೆಗೆ ಬರಲು ಅರ್ಧ ಟಿಕ್ ಕೂಡಿಸುವ ಕಡೆ, ನಿಧಾನದ ವೇಗಗಳಲ್ಲಿ ಅದು ಮೀರಿಹೋಗಿ ಚಿಕ್ಕ ಸಂಖ್ಯೆಯಾಗಿ ಬರುತ್ತದೆ. ಗುಣಿಸಿದ ಮೇಲೆ ಪರೀಕ್ಷಿಸಿದರೆ ಪ್ರಯೋಜನ ಇಲ್ಲ, ಗುಣಿಸುವ ಮುಂಚೆಯೇ ಮಿತಿ ಹಾಕಿ.

ಎರಡನೇ ಬಗ್: ಯಾವಾಗಲೋ ಒಮ್ಮೆ ಬರುವುದು

ಇದಕ್ಕೆ ನಾಲ್ಕು ದಿನ ಹಿಡಿಯಿತು. ನನ್ನ ಮೇಜಿನ ಮೇಲೆ ನೂರು ಸಲ ಓಡಿಸಿದರೂ ಬರಲಿಲ್ಲ. ಕೊನೆಗೆ ವರ್ಕ್‌ಶಾಪಿಗೇ ಹೋಗಿ, ಆಪರೇಟರ್ ಪಕ್ಕ ಕೂತು, ಅವರು ಏನೇನು ಮಾಡುತ್ತಾರೆ ಅಂತ ನೋಡಿದೆ. ಯಾವಾಗಲೋ ಬರುವ ಬಗ್ ಇದ್ದರೆ ಇದನ್ನು ಮೊದಲ ದಿನವೇ ಮಾಡಿ, ನಾನು ನಾಲ್ಕನೇ ದಿನ ಮಾಡಿದೆ.

ಅವರ ಕ್ರಮ ಹೀಗೆ. ಮೊದಲು ರೆಕಾರ್ಡಿಂಗ್ ಸಿದ್ಧ ಮಾಡಿ ಇಡುತ್ತಾರೆ, ಆದರೆ ಶುರು ಮಾಡುವುದಿಲ್ಲ. ಮೋಟರು ಪೂರ್ತಿ ವೇಗಕ್ಕೆ ಬರಲು ಒಂದೆರಡು ನಿಮಿಷ ಬೇಕು. ಬಂದ ಮೇಲೆ ಸ್ಟಾರ್ಟ್ ಒತ್ತುತ್ತಾರೆ. ಕಾಮೆಡಿಯ ಮಾತಿನಲ್ಲಿ ಹೇಳುವುದಾದರೆ ಕಮಾಂಡ್ ಕೊಟ್ಟಾಗಿದೆ, ಅದರ ಶುರು ಸಾಫ್ಟ್‌ವೇರ್ ಟ್ರಿಗರಿಗೆ ಕಾಯುತ್ತಿದೆ. ಈ ಒಂದೆರಡು ನಿಮಿಷದಲ್ಲಿ ಕೆಲವೊಮ್ಮೆ ಅವರು ಇನ್ನೊಂದು ಕಿಟಕಿಯಲ್ಲಿ ಗ್ರಾಫ್ ನೋಡುವ ಪ್ರೋಗ್ರಾಂ ತೆರೆಯುತ್ತಾರೆ. ಆ ಪ್ರೋಗ್ರಾಂ ತೆರೆದ ಕೂಡಲೇ 1000 ಹರ್ಟ್ಜ್‌ಗೆ ಏನಾಗುತ್ತದೆ ಅಂತ ಡ್ರೈವರನ್ನು ಟೆಸ್ಟ್ ಕೇಳುತ್ತದೆ. ಬರೀ ಕೇಳುತ್ತದೆ, ಏನನ್ನೂ ಶುರು ಮಾಡುವುದಿಲ್ಲ.

7000ರ ಏಳನೇ ಒಂದು ಪಾಲು 1000, ಅಲ್ವಾ. ಅಲ್ಲೇ ಅನುಮಾನ ಬಂತು. ಅನುಮಾನ ಸಾಕ್ಷಿ ಆಗಬೇಕಾದರೆ ಟ್ರೇಸ್ ಬೇಕು, ಅಂದರೆ ಯಾವ ಕರೆ ಯಾವಾಗ ಆಯಿತು ಅನ್ನುವ ದಾಖಲೆ.

ಇಲ್ಲಿ ಒಂದು ಎಚ್ಚರಿಕೆ. ಟೈಮಿಂಗ್ ಬಗ್ ಹುಡುಕುವಾಗ ಪ್ರಿಂಟ್‌ಕೆ (ಕರ್ನಲ್ ಲಾಗಿಗೆ ಬರೆಸುವ ಸಾಲು) ಹಾಕಬೇಡಿ. ಅದು ನಿಧಾನ, ಸೀರಿಯಲ್ ಕನ್ಸೋಲ್ ಇದ್ದರಂತೂ ಇನ್ನೂ ನಿಧಾನ, ಅದರಿಂದಲೇ ಕಾಲದ ಲೆಕ್ಕ ಬದಲಾಗಿ ಬಗ್ ಮಾಯವಾಗಬಹುದು. ಬದಲಿಗೆ ಟ್ರೇಸ್_ಪ್ರಿಂಟ್‌ಕೆ ಬಳಸಿ. ಅದು ಮೆಮೊರಿಯ ರಿಂಗ್ ಬಫರಿಗೆ ಬರೆದು ಸುಮ್ಮನಾಗುತ್ತದೆ, ಆಮೇಲೆ ಸಿಸ್‌ಎಫ್‌ಎಸ್‌ನಲ್ಲಿ ಕರ್ನಲ್ ಕೆಳಗಿನ ಟ್ರೇಸಿಂಗ್ ಫೋಲ್ಡರಿನ ಟ್ರೇಸ್ ಫೈಲಿನಿಂದ ಓದಿಕೊಳ್ಳಬಹುದು. ಪ್ರತಿ ಸಾಲಿನ ಎಡಕ್ಕೆ ಯಾವ ಪ್ರೋಗ್ರಾಂ ಕರೆಯಿತು, ಅದರ ಪಿಐಡಿ ಎಷ್ಟು, ಎಷ್ಟು ಹೊತ್ತಿಗೆ ಅನ್ನುವುದೂ ತಾನಾಗಿಯೇ ಬರುತ್ತದೆ. ಕೆಲಸ ಮುಗಿದ ಮೇಲೆ ಅವನ್ನೆಲ್ಲ ತೆಗೆದುಬಿಡಿ, ಗ್ರಾಹಕರ ಯಂತ್ರದಲ್ಲಿ ಬಿಡುವಂಥದ್ದಲ್ಲ.

ಮೂರು ಕಡೆ ಹಾಕಿದೆ: ಟೆಸ್ಟ್ ಮುಗಿಯುವಲ್ಲಿ, ಕಮಾಂಡ್ ಕೊಡುವಲ್ಲಿ, ಟ್ರಿಗರ್ ಬಂದು ಕೌಂಟರಿಗೆ ಸಂಖ್ಯೆ ತುಂಬುವಲ್ಲಿ. ಮೂರರಲ್ಲೂ ಎರಡು ಭಾಜಕಗಳನ್ನು ಬರೆಸಿದೆ. ಆಪರೇಟರ್ ಮಾಡಿದಂತೆಯೇ ಮಾಡಿದಾಗ, ಮತ್ತೆ ಮತ್ತೆ ಬಂದ ಒಂದೇ ತರದ ಟೆಸ್ಟ್ ಸಾಲುಗಳನ್ನು ಬಿಟ್ಟರೆ, ಟ್ರೇಸ್ ಹೀಗೆ ಬಂತು. ರೆಕಾರ್ಡರ್ ಟೆಸ್ಟ್, 28 ಮತ್ತು 51. ರೆಕಾರ್ಡರ್ ಕಮಾಂಡ್, 28 ಮತ್ತು 51. ವ್ಯೂವರ್ ಟೆಸ್ಟ್, 100 ಮತ್ತು 100. ರೆಕಾರ್ಡರ್ ಟ್ರಿಗರ್, 100 ಮತ್ತು 100.

ಡ್ರೈವರಿನ ಖಾಸಗಿ ಸ್ಟ್ರಕ್ಚರಿನಲ್ಲಿ ಭಾಜಕಗಳಿಗೆ ಒಂದೇ ಜೋಡಿ ಜಾಗ ಇತ್ತು. ಟೆಸ್ಟ್ ಲೆಕ್ಕ ಹಾಕಿ ಅಲ್ಲೇ ಬರೆಯುತ್ತಿತ್ತು, ಟ್ರಿಗರ್ ಅಲ್ಲಿಂದಲೇ ಓದುತ್ತಿತ್ತು. ನಡುವೆ ಬೇರೆ ಯಾರು ಟೆಸ್ಟ್ ಕೇಳಿದರೂ ಮೊದಲಿನವರ ಸಂಖ್ಯೆ ಅಳಿಸಿಹೋಗುತ್ತದೆ. ಕಾಮೆಡಿಯಲ್ಲಿ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಆದರೆ ಅದು ಒಂದೊಂದು ಕರೆ ಮುಗಿಯುವವರೆಗೆ ಮಾತ್ರ ಹಿಡಿದಿರುತ್ತದೆ. ಕಮಾಂಡ್ ಒಂದು ಕರೆ, ಟ್ರಿಗರ್ ಇನ್ನೊಂದು ಕರೆ, ನಡುವಿನ ಎರಡು ನಿಮಿಷ ಬಾಗಿಲು ತೆರೆದೇ ಇರುತ್ತದೆ. ಕಾರ್ಡು ಬ್ಯುಸಿ ಇದ್ದರೂ ಟೆಸ್ಟ್ ಕೇಳಲು ತಡೆ ಇಲ್ಲ. ಹಾಗೆ ಇರುವುದೂ ಸರಿಯೇ, ಪ್ರಶ್ನೆ ಕೇಳುವುದರಿಂದ ಏನೂ ಬದಲಾಗಬಾರದು ತಾನೇ.

ತಿದ್ದುವುದು

ಎರಡು ಜೋಡಿ ಜಾಗ ಮಾಡಿ. ಒಂದು ಮುಂದಿನದು, ಇನ್ನೊಂದು ಓಡುತ್ತಿರುವುದು. ಟೆಸ್ಟ್ ಮುಂದಿನದರಲ್ಲಿ ಮಾತ್ರ ಬರೆಯಬೇಕು. ಕಮಾಂಡ್ ಬಂದಾಗ ಮುಂದಿನದನ್ನು ಓಡುತ್ತಿರುವುದಕ್ಕೆ ನಕಲು ಮಾಡಬೇಕು. ಟ್ರಿಗರ್ ಮತ್ತು ಇಂಟರಪ್ಟ್ ಹ್ಯಾಂಡ್ಲರ್ (ಕಾರ್ಡು ಕರೆದ ಕೂಡಲೇ ಓಡುವ ಡ್ರೈವರಿನ ಭಾಗ) ಎರಡೂ ಓಡುತ್ತಿರುವ ಜೋಡಿಯನ್ನು ಬಿಟ್ಟು ಬೇರೆ ಏನನ್ನೂ ನೋಡಬಾರದು.

ನಕಲು ಮಾಡುವ ಜಾಗ ಯಾಕೆ ಕಮಾಂಡ್ ಒಳಗೇ ಇರಬೇಕು ಅಂದರೆ, ಕಮಾಂಡ್ ಕರೆಯಲ್ಲಿ ಕಾಮೆಡಿ ತಾನೇ ಮತ್ತೊಮ್ಮೆ ಟೆಸ್ಟ್ ಓಡಿಸಿ, 0 ಬಂದರೆ ಮಾತ್ರ ಡ್ರೈವರಿನ ಕಮಾಂಡ್ ಫಂಕ್ಷನ್ನಿಗೆ ಹೋಗುತ್ತದೆ, ಎರಡೂ ಒಂದೇ ಮ್ಯೂಟೆಕ್ಸ್ ಹಿಡಿತದಲ್ಲಿ. ಹಾಗಾಗಿ ಆ ಕ್ಷಣದಲ್ಲಿ ಮುಂದಿನದರಲ್ಲಿ ಇರುವುದು ಖಂಡಿತ ಈ ಕಮಾಂಡಿನದೇ. ನಕಲನ್ನು ಟ್ರಿಗರಿನಲ್ಲಿ ಇಟ್ಟರೆ ಅದೇ ಬಗ್ ವಾಪಸ್. ಕರ್ನಲ್‌ನಲ್ಲಿ ಈಗ ಇರುವ ಕಾಮೆಡಿ_8254 ಅನ್ನುವ ಸಹಾಯಕ ಮಾಡ್ಯೂಲ್ ಇದೇ ರೀತಿ ಮುಂದಿನ ಭಾಜಕ, ಈಗಿನ ಭಾಜಕ ಅಂತ ಬೇರೆ ಇಡುತ್ತದೆ, ಬದಲಿಸಲು ಒಂದು ಫಂಕ್ಷನ್ ಕೊಡುತ್ತದೆ. ನಿಮ್ಮ ಕಾರ್ಡಿನಲ್ಲಿ 8254 ಇದ್ದರೆ ಸ್ವಂತ ಲೆಕ್ಕ ಕಿತ್ತುಹಾಕಿ ಅದನ್ನೇ ಬಳಸಿ. ನಾನೂ ಕೊನೆಗೆ ಹಾಗೇ ಮಾಡಿದೆ, ಸುಮಾರು ಕೋಡ್ ಕಡಿಮೆ ಆಯಿತು.

ಅಲ್ಲೇ ಇದ್ದಾಗ ಕೌಂಟರ್ ತುಂಬುವ ಕೋಡನ್ನೂ ನೋಡಿದೆ. 8254ಗೆ ಮೊದಲು ಕಂಟ್ರೋಲ್ ವರ್ಡ್, ಆಮೇಲೆ ಕೆಳಗಿನ ಬೈಟ್, ಆಮೇಲೆ ಮೇಲಿನ ಬೈಟ್, ಒಟ್ಟು ಮೂರು ಸಲ ಬರೆಯಬೇಕು. ಮೋಡ್ 2ಕ್ಕೆ ಕೌಂಟರ್ ಒಂದರ ಕಂಟ್ರೋಲ್ ವರ್ಡ್ ಹೆಕ್ಸ್‌ನಲ್ಲಿ 74, ಕೌಂಟರ್ ಎರಡಕ್ಕೆ ಬಿ4. ಈ ಡ್ರೈವರಿನಲ್ಲಿ ಫೈಫೊ ತುಂಬಿ ಹರಿದರೆ ಇಂಟರಪ್ಟ್ ಹ್ಯಾಂಡ್ಲರ್ ಕೂಡ ಅದೇ ಕೌಂಟರನ್ನು ಮತ್ತೆ ತುಂಬುತ್ತಿತ್ತು. ಟ್ರಿಗರ್ ಕೆಳಗಿನ ಬೈಟ್ ಬರೆದ ಮೇಲೆ ಇಂಟರಪ್ಟ್ ನುಗ್ಗಿದರೆ ಬೈಟುಗಳ ಸರದಿ ಕೆಡುತ್ತದೆ. 1000 ಅನ್ನುವ ಸಂಖ್ಯೆಯ ಬೈಟುಗಳು ಹಿಂದೆ ಮುಂದೆ ಆದರೆ 59,395 ಆಗುತ್ತದೆ, ಯೋಚಿಸಿ. ಮೂರೂ ಬರಹವನ್ನು ಒಂದೇ ಸ್ಪಿನ್‌ಲಾಕ್ (ನಿದ್ದೆ ಮಾಡದೆ ಕಾಯುವ ಬೀಗ) ಒಳಗೆ, ಇಂಟರಪ್ಟ್ ಮುಚ್ಚುವ ಬಗೆಯದನ್ನು ಬಳಸಿ ಇಡಿ. ಮ್ಯೂಟೆಕ್ಸ್ ಇಲ್ಲಿ ಆಗುವುದಿಲ್ಲ, ಇಂಟರಪ್ಟ್ ಹ್ಯಾಂಡ್ಲರ್ ನಿದ್ದೆ ಮಾಡುವಂತಿಲ್ಲ. ಕೌಂಟರನ್ನು ಓದುವಾಗಲೂ ಮೊದಲು ಆ ಕ್ಷಣದ ಸಂಖ್ಯೆಯನ್ನು ಹಿಡಿದಿಡುವ ಲ್ಯಾಚ್ ಕಮಾಂಡ್ ಕೊಟ್ಟು ಆಮೇಲೆ ಎರಡು ಬೈಟ್ ಓದಿ, ಇಲ್ಲದಿದ್ದರೆ ಎರಡು ಓದಿನ ನಡುವೆ ಅದು ಓಡಿಹೋಗಿರುತ್ತದೆ.

ಶುರುವಿನ ಕ್ರಮವೂ ಮುಖ್ಯ. ಗೇಟ್ (ಕೌಂಟರನ್ನು ಓಡಲು ಬಿಡುವ ಸ್ವಿಚ್) ಮುಚ್ಚಿ, ಫೈಫೊ ಖಾಲಿ ಮಾಡಿ, ಕೌಂಟರ್ ತುಂಬಿ, ಕೊನೆಗೆ ಗೇಟ್ ತೆರೆಯಿರಿ. ಗೇಟ್ ಮೊದಲೇ ತೆರೆದಿದ್ದರೆ ಹಿಂದಿನ ಓಟದ ಒಂದೆರಡು ಸ್ಯಾಂಪಲ್ ಹೊಸ ಫೈಲಿನ ತಲೆಯಲ್ಲಿ ಕೂತು ಎಲ್ಲ ಚಾನೆಲ್ಲುಗಳನ್ನೂ ಸರಿಸಿಬಿಡುತ್ತವೆ. ರಿಜಿಸ್ಟರುಗಳು ಮೆಮೊರಿಯಲ್ಲಿ ಕಾಣುವ ಕಾರ್ಡಾದರೆ ಬರೆದದ್ದು ಪಿಸಿಐ ದಾರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು, ಒಂದು ರಿಜಿಸ್ಟರನ್ನು ಓದಿದರೆ ಎಲ್ಲವೂ ಕಾರ್ಡಿಗೆ ತಲುಪಿರುತ್ತದೆ. ಇನ್ನೊಂದು ಸೂಕ್ಷ್ಮ: ಸಾಲು ಜೋಡಿಸಿದ ಎರಡನೇ ಕೌಂಟರಿಗೆ ಹೊಸ ಸಂಖ್ಯೆ ಒಳಗೆ ಹೋಗುವುದು ಮೊದಲನೆಯದರ ಪಲ್ಸ್ ಬಂದಾಗ ಮಾತ್ರ. ಹಾಗಾಗಿ ಮೊದಲ ಸುತ್ತು ಅಷ್ಟರಮಟ್ಟಿಗೆ ಉದ್ದವಾಗುತ್ತದೆ. ಮೊದಲ ಕೌಂಟರ್ 28 ಇದ್ದರೆ 2.8 ಮೈಕ್ರೋಸೆಕೆಂಡ್, 51 ಇದ್ದರೆ 5.1. ಚಿಕ್ಕ ಭಾಜಕವನ್ನು ಮೊದಲ ಕೌಂಟರಿಗೆ ಕೊಡುವುದು ಮೇಲು.

ನಿಲ್ಲಿಸುವುದರಲ್ಲೂ ಬಗ್ ಇರುತ್ತದೆ. ಕಾರ್ಡೇ ಇಲ್ಲದೆ ಅಭ್ಯಾಸ ಮಾಡಲು ಕಾಮೆಡಿ_ಟೆಸ್ಟ್ ಅನ್ನುವ ಡ್ರೈವರ್ ಇದೆ, ಕರ್ನಲ್ ಟೈಮರಿನಿಂದ ಸುಳ್ಳು ಅಲೆಗಳನ್ನು ಕೊಡುತ್ತದೆ. 2016ರಲ್ಲಿ ಅದರಲ್ಲೇ ಇಂಥದ್ದೊಂದನ್ನು ಸರಿಮಾಡಿದರು. ಕ್ಯಾನ್ಸಲ್ ಮಾಡಿದಾಗ ಟೈಮರನ್ನು ಕಾಯದೆ ಅಳಿಸುತ್ತಿತ್ತು, ಅತ್ತ ಟೈಮರ್ ಫಂಕ್ಷನ್ ಇನ್ನೂ ಓಡುತ್ತಿರುವಾಗಲೇ ಇತ್ತ ಬಫರ್ ಬಿಡುಗಡೆ ಆಗುತ್ತಿತ್ತು. ಕಾಯುವ ಬಗೆಯ ಅಳಿಸುವಿಕೆ ಹಾಕೋಣ ಅಂದರೆ, ಟೈಮರ್ ಫಂಕ್ಷನ್ ಒಳಗಿಂದಲೇ ಕ್ಯಾನ್ಸಲ್ ಕರೆ ಬಂದಾಗ ಅದು ತನಗಾಗಿ ತಾನೇ ಕಾಯುತ್ತಾ ನಿಂತುಬಿಡುತ್ತದೆ. ಪರಿಹಾರ, ಸಾಫ್ಟ್ ಇಂಟರಪ್ಟ್ (ಟೈಮರ್ ಫಂಕ್ಷನ್ ಓಡುವ ಸ್ಥಿತಿ) ಒಳಗಿದ್ದರೆ ಕಾಯದೆ ಅಳಿಸು, ಹೊರಗಿದ್ದರೆ ಕಾದು ಅಳಿಸು ಅಂತ ಬೇರೆ ಮಾಡಿದ್ದು. ಇಂಟರಪ್ಟ್ ಇಲ್ಲದ, ಟೈಮರಿನಿಂದ ಕಾರ್ಡ್ ಓದುವ ಡ್ರೈವರ್ ನಿಮ್ಮದಾದರೆ ಆ ಫೈಲನ್ನು ಒಮ್ಮೆ ಓದಿ.

ಸರಿಯಾಯಿತು ಅಂತ ಹೇಗೆ ಗೊತ್ತಾಗುವುದು

ಬಗ್ ಬರದಿದ್ದರೆ ಸಾಲದು. ಮುಂಚೆ ಖಂಡಿತ ಬರುತ್ತಿದ್ದ ಸನ್ನಿವೇಶದಲ್ಲಿ ಈಗ ಬರುವುದಿಲ್ಲ ಅಂತ ತೋರಿಸಬೇಕು. ಸಣ್ಣ ಪ್ರೋಗ್ರಾಂ ಒಂದನ್ನು ಬರೆದು, ಬೇರೆ ಬೇರೆ ವೇಗಗಳಿಗೆ ಬಿಡದೆ ಟೆಸ್ಟ್ ಕೇಳುತ್ತಾ ಇರುವಂತೆ ಮಾಡಿದೆ. ಅದು ಹಿಂದೆ ಓಡುತ್ತಿರುವಾಗ ಇನ್ನೊಂದು ಕಡೆಯಿಂದ ಕಮಾಂಡ್ ಕೊಟ್ಟು, ಒಂದು ಸೆಕೆಂಡ್ ಕಾದು, ಟ್ರಿಗರ್ ಕೊಟ್ಟು, ಮೂರು ಸೆಕೆಂಡ್ ರೆಕಾರ್ಡ್ ಮಾಡಿ, ಪಿಪಿಎಸ್ ಪಲ್ಸುಗಳ ನಡುವಿನ ಸ್ಯಾಂಪಲ್ ಎಣಿಸುವುದು. ಹಳೇ ಡ್ರೈವರಿನಲ್ಲಿ ಹೆಚ್ಚುಕಡಿಮೆ ಪ್ರತಿ ಸಲ ತಪ್ಪು ವೇಗ ಬಂತು. ಹೊಸದರಲ್ಲಿ 500 ಸಲ ಮಾಡಿದೆ, ಒಂದೂ ತಪ್ಪಲಿಲ್ಲ. ಹಳೇ ಡ್ರೈವರಿನ ಮೇಲೂ ಪರೀಕ್ಷೆ ಓಡಿಸುವುದನ್ನು ಬಿಡಬೇಡಿ, ಪರೀಕ್ಷೆಯೇ ಬಗ್ಗನ್ನು ಹಿಡಿಯದಿದ್ದರೆ ಆ 500ಕ್ಕೆ ಬೆಲೆ ಇಲ್ಲ.

ಆಮೇಲೆ ಒಂದು ಗಂಟೆಯ ಉದ್ದ ಓಟ, ಎಂಟೂ ಚಾನೆಲ್, ಸೆಲ್ಲಿನ ಗುರುತು ಕಟ್ಟಿಕೊಂಡು. 7000 ಹರ್ಟ್ಜ್‌ನಲ್ಲಿ ಎಂಟು ಚಾನೆಲ್ ಅಂದರೆ ಸೆಕೆಂಡಿಗೆ 56,000 ಸ್ಯಾಂಪಲ್. ಈ ಕಾರ್ಡಿನ ಫೈಫೊ 1024ರದ್ದು, ಅರ್ಧ ತುಂಬಿದಾಗ ಇಂಟರಪ್ಟ್ ಕೊಡುತ್ತದೆ. ಉಳಿದ 512 ತುಂಬಲು ಸುಮಾರು 9 ಮಿಲಿಸೆಕೆಂಡ್, ಅಷ್ಟರೊಳಗೆ ಹ್ಯಾಂಡ್ಲರ್ ಬಂದು ಖಾಲಿ ಮಾಡಬೇಕು. ಆ ಗಂಟೆಯಲ್ಲಿ ಬೇಕಂತಲೇ ಡಿಸ್ಕಿಗೆ ದೊಡ್ಡ ಫೈಲುಗಳನ್ನು ನಕಲು ಮಾಡಿ, ನೆಟ್‌ವರ್ಕ್ ಓಡಿಸಿ, ಕಂಪ್ಯೂಟರಿಗೆ ಕೆಲಸ ಕೊಡಿ. 1.5 ವೋಲ್ಟ್ ತನ್ನ ಚಾನೆಲ್ಲಿನಲ್ಲೇ ಕೊನೆಯವರೆಗೆ ಕೂತಿದ್ದರೆ ಸರಿ.

ಡ್ರೈವರ್ ಕರ್ನಲ್‌ನೊಳಗಿನದೇ ಆಗಿದ್ದರೆ ತಿದ್ದುಪಡಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಅದೇ ಕಾರ್ಡ್ ಇಟ್ಟುಕೊಂಡವರು ಬೇರೆ ಕಡೆಯೂ ಇರುತ್ತಾರೆ. ಒಂದು ಪ್ಯಾಚಿನಲ್ಲಿ ಒಂದೇ ತಿದ್ದುಪಡಿ ಇರಲಿ: ಭಾಜಕದ್ದು ಒಂದು, ಲಾಕಿನದ್ದು ಇನ್ನೊಂದು. ಬಗ್ ತಂದ ಹಳೇ ಕಮಿಟ್ ಯಾವುದು ಅಂತ ಫಿಕ್ಸಸ್ ಸಾಲಿನಲ್ಲಿ ಬರೆಯಿರಿ, ಹಳೇ ಕರ್ನಲ್‌ಗಳಿಗೂ ಬೇಕಾದರೆ ಸ್ಟೇಬಲ್ ತಂಡದ ಇಮೇಲ್ ವಿಳಾಸವನ್ನು ಸೇರಿಸಿ. ಪ್ಯಾಚ್ ಬರೆದ ರೀತಿಯನ್ನು ಪರೀಕ್ಷಿಸುವ ಚೆಕ್‌ಪ್ಯಾಚ್ ಓಡಿಸಿ, ಯಾರಿಗೆ ಕಳಿಸಬೇಕು ಅನ್ನುವುದನ್ನು ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ. ವಿವರಣೆಯಲ್ಲಿ ಆ ನಾಲ್ಕು ಸಾಲಿನ ಟ್ರೇಸನ್ನು ಹಾಕಿ. ಕಾರ್ಡ್ ಕೈಯಲ್ಲಿ ಇಲ್ಲದ ಮೇಂಟೇನರಿಗೂ ಅದನ್ನು ನೋಡಿದರೆ ಏನಾಯಿತು ಅಂತ ಅರ್ಥವಾಗುತ್ತದೆ.

ವರ್ಕ್‌ಶಾಪಿನಲ್ಲಿ ಇನ್ನೊಂದು ಕೆಲಸ ಬಾಕಿ ಇತ್ತು, ಹಳೇ ಫೈಲುಗಳು. ಪೂರ್ತಿ ಉದ್ದ ಇರುವ ಫೈಲುಗಳ ತಲೆಯಲ್ಲಿ 7000 ತೆಗೆದು 7002.8 ಅಂತ ಬರೆದೆವು. ಏಳನೇ ಒಂದು ಪಾಲು ಇದ್ದವುಗಳಲ್ಲಿ 1000 ಅಂತ. ಅವುಗಳ ಕಾಲವನ್ನು ಸರಿಮಾಡಬಹುದು, ಆದರೆ 500 ಹರ್ಟ್ಜ್‌ಗಿಂತ ಮೇಲಿನ ಕಂಪನ ಆ ವೇಗದಲ್ಲಿ ಕೆಳಗಿನದರ ಜೊತೆ ಬೆರೆತುಹೋಗಿರುತ್ತದೆ, ಅದನ್ನು ಮತ್ತೆ ಬಿಡಿಸಿ ತೆಗೆಯಲು ಆಗುವುದಿಲ್ಲ. ಅಂಥ ಮೋಟರುಗಳ ಪಟ್ಟಿ ಮಾಡಿ ಕೊಟ್ಟೆ, ಅವರು ಒಂದೊಂದಾಗಿ ವಾಪಸ್ ತರಿಸಿ ಮತ್ತೆ ಅಳೆಯುತ್ತಿದ್ದಾರೆ.